ರಸೀದಿಯಲ್ಲಿ ಇಲ್ಲದ ಸರಕು: ಕೆನಡಾದ ಕಾಲೇಜು, ವರ್ಕ್ ಪರ್ಮಿಟ್ ಮತ್ತು ನಡುವೆ ಸಿಕ್ಕಿಬಿದ್ದವರು

ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಅಪ್ಪನ ಜೊತೆ ಬೆಂಗಳೂರಿನ ಯಾವುದೋ ಕನ್ಸಲ್ಟೆನ್ಸಿಯಲ್ಲಿ ಕೂತಿದ್ದಾಳೆ ಎಂದಿಟ್ಟುಕೊಳ್ಳಿ. ಮೇಜಿನ ಆಚೆ ಇರುವವರು ಕೋರ್ಸಿನಲ್ಲಿ ಏನು ಕಲಿಸುತ್ತಾರೆ ಎಂಬುದರ ಬಗ್ಗೆ ಹೆಚ್ಚು ಹೊತ್ತು ಮಾತಾಡುವುದಿಲ್ಲ. "ಎರಡು ವರ್ಷ ಓದು ಸಾರ್, ಮೂರು ವರ್ಷ ವರ್ಕ್ ಪರ್ಮಿಟ್. ಅದರಲ್ಲಿ ಒಂದು ವರ್ಷ ಒಳ್ಳೆ ಕೆಲಸ ಮಾಡಿದ್ರೆ ಪಿಆರ್‌ಗೆ ಹಾಕ್ಬಹುದು" ಎನ್ನುತ್ತಾರೆ. ಪಿಆರ್ ಎಂದರೆ ಅಲ್ಲಿನ ಕಾಯಂ ನಿವಾಸ. ಅಪ್ಪನ ಪ್ರಶ್ನೆಯೂ ಪಾಠದ್ದಲ್ಲ. "ಆಮೇಲೆ ಕೆಲಸಕ್ಕೆ ತೊಂದರೆ ಇಲ್ವಲ್ಲ?" ಎಂದು ಕೇಳುತ್ತಾರೆ. ಇಲ್ಲ ಎಂಬ ಉತ್ತರ ಸಿಕ್ಕ ಮೇಲೆ ಮನೆ ಪತ್ರ ಬ್ಯಾಂಕಿಗೆ ಹೋಗುತ್ತದೆ.

ಕೆಲವು ವಾರಗಳ ನಂತರ ಕಾಲೇಜಿನಿಂದ ರಸೀದಿ ಬರುತ್ತದೆ. ಟ್ಯೂಷನ್ ಇಷ್ಟು, ಆರೋಗ್ಯ ವಿಮೆ ಇಷ್ಟು, ವಿದ್ಯಾರ್ಥಿ ಸಂಘದ ಶುಲ್ಕ ಇಷ್ಟು. ವರ್ಕ್ ಪರ್ಮಿಟ್ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಕುಟುಂಬ ದುಡ್ಡು ಕೊಟ್ಟದ್ದು ಯಾವುದಕ್ಕೆ, ಕಾಲೇಜು ಬಿಲ್ ಮಾಡಿದ್ದು ಯಾವುದಕ್ಕೆ ಎಂಬ ಈ ವ್ಯತ್ಯಾಸದಲ್ಲೇ, ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಕೆನಡಾದಲ್ಲಿ ಎದ್ದ ಅಷ್ಟೂ ಜಗಳಗಳ ಬೇರಿದೆ ಎಂದು ನನಗನ್ನಿಸುತ್ತದೆ. ಪರ್ಮಿಟ್ ಸಿಗದೇ ಹೋದಾಗ ವಿದ್ಯಾರ್ಥಿ ಕಾಲೇಜಿನ ಬಾಗಿಲಿಗೆ ಹೋದರೆ ಕಾಲೇಜು ಹೇಳುವ ಮಾತು ಕಾನೂನಿನ ಪ್ರಕಾರ ಸುಳ್ಳಲ್ಲ: "ನಾವು ಮಾರಿದ್ದು ಓದು, ಅದನ್ನು ಕೊಟ್ಟಿದ್ದೇವೆ. ಪರ್ಮಿಟ್ ಕೊಡುವುದು ಸರ್ಕಾರ."

ಪೋಸ್ಟ್ ಗ್ರಾಜುಯೇಷನ್ ವರ್ಕ್ ಪರ್ಮಿಟ್ ಎಂಬುದು ಬಾಯಿಮಾತಿನಲ್ಲಿ ಪಿಜಿಡಬ್ಲ್ಯುಪಿ. ಕನಿಷ್ಠ ಎಂಟು ತಿಂಗಳ ಕೋರ್ಸು ಮುಗಿಸಿದವರಿಗೆ ಕೋರ್ಸಿನಷ್ಟೇ ಅವಧಿಗೆ, ಎರಡು ವರ್ಷ ಅಥವಾ ಹೆಚ್ಚಿನದಕ್ಕೆ ಮೂರು ವರ್ಷಕ್ಕೆ ಇದು ಸಿಗುತ್ತದೆ. 2024ರ ಫೆಬ್ರವರಿ 15ರಿಂದ ಸ್ನಾತಕೋತ್ತರ ಪದವಿಯವರಿಗೆ ಕೋರ್ಸು ಎರಡು ವರ್ಷಕ್ಕಿಂತ ಚಿಕ್ಕದಿದ್ದರೂ ಮೂರು ವರ್ಷ. ಇಂಥದೇ ಕಂಪನಿ, ಇಂಥದೇ ಊರು ಎಂಬ ಕಟ್ಟುಪಾಡಿಲ್ಲ. ಜೀವಮಾನದಲ್ಲಿ ಒಂದೇ ಸಲ. ಕೆನಡಾದಲ್ಲಿ ಒಂದು ವರ್ಷ ಕೌಶಲದ ಕೆಲಸ ಮಾಡಿದ ಅನುಭವ ಕಾಯಂ ನಿವಾಸಕ್ಕೆ ಅಂಕ ತಂದುಕೊಡುವುದರಿಂದ, ಓದಿಗೂ ಪಿಆರ್‌ಗೂ ನಡುವಿನ ಮುಖ್ಯ ಸೇತುವೆ ಇದು. ಸೇತುವೆ ಇಲ್ಲದಿದ್ದರೆ ಕಾಲೇಜಿನ ಒಂದು ವರ್ಷದ ಸರ್ಟಿಫಿಕೇಟಿಗೆ ಹತ್ತಾರು ಲಕ್ಷ ಸುರಿಯಲು ಎಷ್ಟು ಜನ ಮುಂದೆ ಬಂದಾರು?

ಈ ಸೇತುವೆಗೆ ಮೂವರು ಯಜಮಾನರು. ಪರ್ಮಿಟ್ ಕೊಡುವುದು ಒಟ್ಟಾವಾದ ಫೆಡರಲ್ ಸರ್ಕಾರದ ವಲಸೆ ಇಲಾಖೆ. ಯಾವ ಸಂಸ್ಥೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದೆಂದು ಪಟ್ಟಿ ಮಾಡುವುದು ಪ್ರಾಂತ್ಯ ಸರ್ಕಾರ. ಸೇರಿಸಿಕೊಂಡು ಫೀಸು ಪಡೆಯುವುದು ಕಾಲೇಜು. ಪಟ್ಟಿಯಲ್ಲಿರುವ ಸಂಸ್ಥೆಯನ್ನು 'ಡಿಎಲ್‌ಐ' ಎನ್ನುತ್ತಾರೆ. ಡಿಎಲ್‌ಐ ಆಗಿದ್ದ ಮಾತ್ರಕ್ಕೆ ಅಲ್ಲಿನ ಕೋರ್ಸಿಗೆ ಪಿಜಿಡಬ್ಲ್ಯುಪಿ ಸಿಗುತ್ತದೆ ಎಂದೇನೂ ಇಲ್ಲ. ಬೆಂಗಳೂರಿನಲ್ಲಿ ಕೂತು ಡಿಎಲ್‌ಐ ನಂಬರ್ ನೋಡಿ ಸಮಾಧಾನಪಟ್ಟುಕೊಂಡವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಕಾಲೇಜುಗಳು ಇಷ್ಟು ಹಸಿವಿನಿಂದ ವಿದ್ಯಾರ್ಥಿಗಳನ್ನು ಏಕೆ ಹುಡುಕಿದವು ಎಂಬುದಕ್ಕೆ ಒಂಟಾರಿಯೊ ಪ್ರಾಂತ್ಯದ ಆಡಿಟರ್ ಜನರಲ್ 2021ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಕನ್ನಡಿ. ಅಲ್ಲಿನ ಸರ್ಕಾರಿ ಕಾಲೇಜುಗಳಲ್ಲಿ 2020-21ರಲ್ಲಿ ವಿದೇಶಿ ವಿದ್ಯಾರ್ಥಿಗಳು ಶೇ 30 ಇದ್ದರೆ, ಬೋಧನಾ ಶುಲ್ಕದ ಆದಾಯದಲ್ಲಿ ಅವರ ಪಾಲು ಶೇ 68. ಲೆಕ್ಕದಲ್ಲಿ 170 ಕೋಟಿ ಡಾಲರ್. ಆ ವಿದೇಶಿ ವಿದ್ಯಾರ್ಥಿಗಳಲ್ಲಿ ಶೇ 62ರಷ್ಟು ಭಾರತದವರು. ಎಂಟು ವರ್ಷಗಳಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಸಂಖ್ಯೆ ಶೇ 15 ಕುಸಿದು, ವಿದೇಶಿಯರದ್ದು ಶೇ 342 ಏರಿತ್ತು. ಇದರ ನಡುವೆ 2019ರಲ್ಲಿ ಒಂಟಾರಿಯೊ ಸರ್ಕಾರ ಸ್ಥಳೀಯರ ಫೀಸನ್ನು ಶೇ 10 ಇಳಿಸಿ, ಅಲ್ಲಿಗೇ ನಿಲ್ಲಿಸಿತು. ಆ ಗುಂಡಿಯನ್ನು ತುಂಬಿದ್ದು ಪಂಜಾಬ್, ಗುಜರಾತ್, ಕೇರಳ, ಆಂಧ್ರದ ಮನೆಗಳ ಸಾಲ. ಕರ್ನಾಟಕದ ಮನೆಗಳದ್ದೂ ಇದೆ, ಪ್ರಮಾಣ ಕಡಿಮೆ ಇರಬಹುದು.

ತಮ್ಮ ಊರಿನಲ್ಲಿ ಕಟ್ಟಡ ಸಾಲದ, ವಿದೇಶಿ ವಿದ್ಯಾರ್ಥಿ ಹೋಗಲು ಒಪ್ಪದ ದೂರದ ಕಾಲೇಜುಗಳು ಒಂದು ದಾರಿ ಕಂಡುಕೊಂಡವು. ಟೊರಾಂಟೊ ಸುತ್ತಮುತ್ತಲಿನ ಖಾಸಗಿ ಕಾಲೇಜಿಗೆ ತಮ್ಮ ಪಠ್ಯಕ್ರಮವನ್ನು ಬಾಡಿಗೆಗೆ ಕೊಡುವುದು. ಪಾಠ ಮಾಡುವುದು ಖಾಸಗಿಯವರು, ಸರ್ಟಿಫಿಕೇಟ್ ಕೊಡುವುದು ಸರ್ಕಾರಿ ಕಾಲೇಜು. ಖಾಸಗಿ ಕಾಲೇಜಿನ ಸ್ವಂತ ಡಿಪ್ಲೊಮಾಗೆ ಪಿಜಿಡಬ್ಲ್ಯುಪಿ ಇಲ್ಲ. ಸರ್ಕಾರಿ ಕಾಲೇಜಿನ ಹೆಸರಿನ ಸರ್ಟಿಫಿಕೇಟಿಗೆ ಆಗ ಸಿಗುತ್ತಿತ್ತು. ಹೀಗಾಗಿ ಈ ವ್ಯವಹಾರದಲ್ಲಿ ಬಾಡಿಗೆಗೆ ಹೋದದ್ದು ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಪರ್ಮಿಟ್ಟಿನ ಅರ್ಹತೆ. ಇದನ್ನು ಹಂತ ಹಂತವಾಗಿ ಮುಚ್ಚಬೇಕೆಂದು 2017ರಲ್ಲೇ ಡೇವಿಡ್ ಟ್ರಿಕ್ ಎಂಬ ತಜ್ಞರು ಪ್ರಾಂತ್ಯ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಆಗಿನ ಸರ್ಕಾರ ಒಪ್ಪಿತು, ಮುಂದೆ ಬಂದ ಸರ್ಕಾರ 2019ರಲ್ಲಿ ತಿರುಗಿಸಿತು. 2022ರ ಬೇಸಿಗೆಯಲ್ಲಿ ಸ್ಕಾರ್ಬರೊದ ಆಲ್ಫಾ ಕಾಲೇಜು, ಕಿಂಗ್‌ಸ್ಟನ್ನಿನ ಸೇಂಟ್ ಲಾರೆನ್ಸ್ ಕಾಲೇಜಿನ ಪಾಲುದಾರ, ಐನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಸೆಮಿಸ್ಟರ್‌ನಿಂದ ತಡೆಹಿಡಿದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ಕಾರಣ ಸರಳ: ಇದ್ದ ಜಾಗಕ್ಕಿಂತ ಸೇರಿಸಿಕೊಂಡವರು ಹೆಚ್ಚು.

ಒಂದು ಸೆಮಿಸ್ಟರ್ ತಪ್ಪಿದರೆ ಏನಾಯಿತು, ಮುಂದಿನದರಲ್ಲಿ ಓದಿದರಾಯಿತು ಎಂದು ನಮಗೆ ಅನಿಸೀತು. ಆದರೆ ಪಿಜಿಡಬ್ಲ್ಯುಪಿ ನಿಯಮಗಳನ್ನು ಪಕ್ಕದಲ್ಲಿಟ್ಟು ನೋಡಿ. ಕೊನೆಯ ಸೆಮಿಸ್ಟರ್ ಬಿಟ್ಟು ಉಳಿದ ಎಲ್ಲದರಲ್ಲೂ ವಿದ್ಯಾರ್ಥಿ ಫುಲ್‌ಟೈಮ್ ಆಗಿರಬೇಕು. ಓದಿಗೆ ಬಿಡುವು ಬಿದ್ದರೆ ಅದಕ್ಕೆ ಕಾಲೇಜಿನ ಒಪ್ಪಿಗೆ ಬೇಕು, 150 ದಿನ ಮೀರಬಾರದು. ಆ ಬಿಡುವಿನಲ್ಲಿ ಹೊರಗೆ ಕೆಲಸ ಮಾಡುವಂತಿಲ್ಲ, ಅಂದರೆ ಬಾಡಿಗೆಗೆ ದುಡ್ಡಿಲ್ಲ. ಬೇಸ್‌ಮೆಂಟಿನಲ್ಲಿ ನಾಲ್ವರ ಜೊತೆ ಕೋಣೆ ಹಂಚಿಕೊಂಡು ಬದುಕುವವರಿಗೆ ಅದೊಂದೇ ಸಾಕು ಕಂಗೆಡಿಸಲು.

ಫುಲ್‌ಟೈಮ್ ಎಂದರೆ ಎಷ್ಟು ವಿಷಯ ಎಂದು ತೀರ್ಮಾನಿಸುವುದು ಸರ್ಕಾರವಲ್ಲ, ಆಯಾ ಕಾಲೇಜು. ವಿದ್ಯಾರ್ಥಿ ಓದುತ್ತಿದ್ದಾನೋ ಇಲ್ಲವೋ ಎಂದು ವರ್ಷಕ್ಕೆ ಎರಡು ಸಲ ವಲಸೆ ಇಲಾಖೆಗೆ ವರದಿ ಕಳಿಸುವುದೂ ಕಾಲೇಜೇ. ಎರಡನೇ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಫೇಲಾಗಿ, ಮೂರನೆಯದರಲ್ಲಿ ಆ ವಿಷಯವನ್ನು ಕಾಲೇಜು ನಡೆಸದೇ ಹೋಗಿ, ಟೈಮ್‌ಟೇಬಲ್ ಅರ್ಧಕ್ಕೆ ಇಳಿದರೆ, ರಿಜಿಸ್ಟ್ರಾರ್ ಕಚೇರಿಯ ಕಂಪ್ಯೂಟರಿನಲ್ಲಿ ಅವನು ಪಾರ್ಟ್‌ಟೈಮ್. ಯಾರ ತಪ್ಪಿನಿಂದ ಹಾಗಾಯಿತು ಎಂಬ ಕಾಲಂ ಆ ವರದಿಯಲ್ಲಿಲ್ಲ. ಎರಡು ವರ್ಷ ಬಿಟ್ಟು ಪರ್ಮಿಟ್ ಅರ್ಜಿ ನೋಡುವ ಅಧಿಕಾರಿಗೆ ಕಾಣುವುದು ಆ ಒಂದು ಪದ ಮಾತ್ರ. ಊರಿನಲ್ಲಿ ಸಪ್ಲಿಮೆಂಟರಿ ಬರೆದು ಪಾಸಾಗುವುದನ್ನು ನೋಡಿ ಬೆಳೆದ ನಮ್ಮ ಹುಡುಗರಿಗೆ, ಒಂದು ಬ್ಯಾಕ್‌ಲಾಗ್ ವೀಸಾ ಸಮಸ್ಯೆಯಾಗಬಲ್ಲದು ಎಂಬುದು ಹೊಳೆಯುವುದೇ ಇಲ್ಲ. 2024ರ ಜನವರಿಯಲ್ಲಿ ಬ್ರಾಂಪ್ಟನ್ನಿನ ಆಲ್ಗೋಮಾ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಎದುರು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಒಂದೇ ವಿಷಯದಲ್ಲಿ ಫೇಲಾದೆವೆಂದು ಕೊರೆಯುವ ಚಳಿಯಲ್ಲಿ ಧರಣಿ ಕೂತಾಗ, "ಫೇಲಾದವರಿಗೂ ಧರಣಿಯೇ?" ಎಂದು ನಕ್ಕವರಿದ್ದರು. ಮತ್ತೆ ಫೀಸು, ಮತ್ತೊಂದು ಸೆಮಿಸ್ಟರ್, ಹಿಂದಕ್ಕೆ ಸರಿಯುವ ಪರ್ಮಿಟ್ಟು: ನಕ್ಕವರಿಗೆ ಈ ಲೆಕ್ಕ ಗೊತ್ತಿರಲಿಲ್ಲ.

ಕಾಲೇಜೇ ರೂಪಿಸಿದ ಕೋರ್ಸು ವಿದ್ಯಾರ್ಥಿಯ ಪರ್ಮಿಟ್ಟನ್ನು ಕಿತ್ತುಕೊಂಡದ್ದಕ್ಕೆ ಹಳೆಯ ಉದಾಹರಣೆ ನಯಾಗರಾ ಕಾಲೇಜಿನದ್ದು. ಅಲ್ಲಿ 'ಜನರಲ್ ಆರ್ಟ್ಸ್ ಅಂಡ್ ಸೈನ್ಸ್ ಟ್ರಾನ್ಸ್‌ಫರ್' ಎಂಬ ಕೋರ್ಸಿತ್ತು. ಹಿಂದಿನ ಓದಿಗೆ ಕ್ರೆಡಿಟ್ ಕೊಟ್ಟು, ಉಳಿದದ್ದನ್ನು ಬೇಗ ಮುಗಿಸಿ, ಡಿಪ್ಲೊಮಾ ಕೈಗಿಡುವ ವ್ಯವಸ್ಥೆ. ಉಳಿದ ಆ ವಿಷಯಗಳಲ್ಲಿ ಹೆಚ್ಚಿನವು ಆನ್‌ಲೈನ್. ಮುಗಿಸಿದವರು ಪಿಜಿಡಬ್ಲ್ಯುಪಿಗೆ ಅರ್ಜಿ ಹಾಕಿದಾಗ, ಇದು ದೂರಶಿಕ್ಷಣ ಎಂದು ಇಲಾಖೆ ತಿರಸ್ಕರಿಸಿತು. ಇಲಾಖೆಯ ನಿಯಮ ಗುಟ್ಟಿನದ್ದಾಗಿರಲಿಲ್ಲ. ವಿದ್ಯಾರ್ಥಿಗಳ ವಾದವೂ ಅದೇ: ನಿಯಮ ಗೊತ್ತಿರಬೇಕಾಗಿದ್ದ ಕಾಲೇಜು ಗೊತ್ತಿಲ್ಲದಂತೆ ನಮ್ಮನ್ನು ಸೇರಿಸಿಕೊಂಡಿತು. 2015ರಲ್ಲಿ ಕಾಲೇಜಿನ ಮೇಲೆ 5 ಕೋಟಿ ಡಾಲರ್ ಪರಿಹಾರ ಕೇಳಿ ಸಾಮೂಹಿಕ ದಾವೆ ಹೂಡಲಾಯಿತು.

ಕಾಲೇಜು ಹೇಳಿದ ಮಾತಿಗೆ ಕಾಲೇಜೇ ಹೊಣೆ ಎಂದು ಕೆನಡಾದ ಕೋರ್ಟು ಹೇಳಿಯೇ ಇಲ್ಲವೆಂದಲ್ಲ. ಟೊರಾಂಟೊದ ಜಾರ್ಜ್ ಬ್ರೌನ್ ಕಾಲೇಜಿನ ಪ್ರಕರಣ ಪಿಜಿಡಬ್ಲ್ಯುಪಿಗೆ ಸಂಬಂಧಿಸಿದ್ದಲ್ಲ, ಆದರೂ ಈ ವಿಷಯದಲ್ಲಿ ಅದಕ್ಕಿಂತ ಉಪಯುಕ್ತವಾದ ತೀರ್ಪು ಇನ್ನೊಂದು ಕಾಣೆ. ಇಂಟರ್‌ನ್ಯಾಷನಲ್ ಬಿಸಿನೆಸ್ ಮ್ಯಾನೇಜ್‌ಮೆಂಟ್ ಕೋರ್ಸಿನ ಕೈಪಿಡಿಯಲ್ಲಿ, ಕಾಲೇಜಿನ ಸರ್ಟಿಫಿಕೇಟಿನ ಜೊತೆಗೆ ಉದ್ಯಮದ ಮೂರು ಮಾನ್ಯತೆಗಳನ್ನು ಪಡೆಯುವ ಅವಕಾಶವಿದೆ ಎಂದು ಅಚ್ಚಾಗಿತ್ತು. ಓದು ಮುಗಿದ ಮೇಲೆ ತಿಳಿದದ್ದು, ಅವು ತಾವಾಗಿ ಬರುವುದಿಲ್ಲ. ಬೇರೆ ಪರೀಕ್ಷೆ, ಬೇರೆ ಫೀಸು. 2007-08ರ ಆ ಬ್ಯಾಚಿನಲ್ಲಿ ವಿದೇಶಿ ವಿದ್ಯಾರ್ಥಿಗಳೇ ಹೆಚ್ಚಿದ್ದರು. 2012ರಲ್ಲಿ ಒಂಟಾರಿಯೊದ ಸುಪೀರಿಯರ್ ಕೋರ್ಟು, ಗ್ರಾಹಕ ರಕ್ಷಣಾ ಕಾನೂನಿನ ಪ್ರಕಾರ ಇದು ಅನುಚಿತ ವ್ಯಾಪಾರ ಎಂದಿತು. ಮೇಲ್ಮನವಿಯಲ್ಲೂ ಅದು ನಿಂತಿತು.

ಆ ತೀರ್ಪಿನಿಂದ ವಿದ್ಯಾರ್ಥಿಗಳಿಗಿಂತ ಕಾಲೇಜುಗಳು ಹೆಚ್ಚು ಕಲಿತವೇನೋ ಎಂಬ ಗುಮಾನಿ ನನ್ನದು. ಇವತ್ತು ಯಾವ ಕಾಲೇಜಿನ ಪುಟ ತೆರೆದರೂ ಪಿಜಿಡಬ್ಲ್ಯುಪಿ ಬಗ್ಗೆ ಒಂದು ಎಚ್ಚರದ ವಾಕ್ಯ ಇರುತ್ತದೆ: ಪದವೀಧರರು ಅರ್ಹರಾಗಬಹುದು. ಕನ್ನಡದ 'ಬಹುದು' ಎರಡು ಕೆಲಸ ಮಾಡುತ್ತದೆ. "ನೀನು ಒಳಗೆ ಬರಬಹುದು" ಎಂದರೆ ಅನುಮತಿ, "ಸಂಜೆ ಮಳೆ ಬರಬಹುದು" ಎಂದರೆ ಊಹೆ. ಕನ್ಸಲ್ಟೆನ್ಸಿಯಲ್ಲಿ ಕೂತ ಅಪ್ಪ ಕೇಳಿಸಿಕೊಳ್ಳುವುದು ಮೊದಲನೆಯದನ್ನು, ಕಾಲೇಜಿನ ವಕೀಲರು ಕೋರ್ಟಿನಲ್ಲಿ ಓದುವುದು ಎರಡನೆಯದನ್ನು.

ಬಾಯಿಮಾತಿನ ಭರವಸೆಯ ಹಾದಿಯೂ ಕಿರಿದು. ಕೆನಡಾದ ವಲಸೆ ಕಾನೂನಿನ ಪ್ರಕಾರ ದುಡ್ಡಿಗೆ ವಲಸೆ ಸಲಹೆ ಕೊಡಲು ಪರವಾನಗಿ ಬೇಕು. 2013ರಲ್ಲಿ ಇದು ಕಾಲೇಜಿನ ಸಿಬ್ಬಂದಿಗೂ ಅನ್ವಯಿಸುತ್ತದೆಂದು ಸ್ಪಷ್ಟವಾದ ಮೇಲೆ, ಪರವಾನಗಿ ಇಲ್ಲದವರು ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಈಗ ಬಹಳಷ್ಟು ಕಾಲೇಜುಗಳಲ್ಲಿ ಪರವಾನಗಿ ಇರುವ ಸಲಹೆಗಾರರಿದ್ದಾರೆ. (ಪರವಾನಗಿ ಕೊಡುವ ಸಂಸ್ಥೆಯ ಹೆಸರಿನಲ್ಲೂ 'ಕಾಲೇಜ್' ಎಂದೇ ಇದೆ. ಅದು ಓದುವ ಕಾಲೇಜೇ ಅಲ್ಲ. ಹೊಸಬರು ಗಲಿಬಿಲಿಗೊಂಡರೆ ಅವರ ತಪ್ಪಿಲ್ಲ.) ಆದರೆ ಸಾವಿರಾರು ವಿದ್ಯಾರ್ಥಿಗಳಿಗೆ ಬೆರಳೆಣಿಕೆಯ ಸಲಹೆಗಾರರು. ಪ್ರವೇಶ ಕೊಡುವಾಗ ಪಿಜಿಡಬ್ಲ್ಯುಪಿ ಎಂದು ಬ್ಯಾನರ್ ಕಟ್ಟುವುದಕ್ಕೆ ಪರವಾನಗಿ ಬೇಡ. ತೊಂದರೆಯಾದಾಗ ಉತ್ತರ ಹೇಳುವುದಕ್ಕೆ ಮಾತ್ರ ಬೇಕು. ಈ ಏರ್ಪಾಡು ನನಗೆ ಇವತ್ತಿಗೂ ಅರಗಿಲ್ಲ.

ಕ್ವಿಬೆಕ್‌ನಲ್ಲಿ ಆದದ್ದು ಇನ್ನೂ ಒರಟು. ಮಾಂಟ್ರಿಯಲ್‌ನ ಎಂ ಕಾಲೇಜು, ಶೆರ್‌ಬ್ರೂಕ್‌ನ ಸಿಡಿಇ, ಲಾಂಗೇಯ ಸಿಸಿಎಸ್‌ಕ್ಯು, ಒಂದೇ ಗುಂಪಿಗೆ ಸೇರಿದ ಈ ಮೂರು ಖಾಸಗಿ ಕಾಲೇಜುಗಳು 2022ರ ಜನವರಿಯಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋದವು. ಅದಕ್ಕೆ ಸ್ವಲ್ಪ ಮುಂಚೆ ಫೀಸು ಕಟ್ಟಿಸಿಕೊಂಡಿದ್ದರು ಎಂಬುದು ವಿದ್ಯಾರ್ಥಿಗಳ ದೂರು. ಫೆಬ್ರವರಿಯಲ್ಲಿ ಒಟ್ಟಾವಾದ ಭಾರತೀಯ ಹೈಕಮಿಷನ್ ಸೂಚನೆ ಹೊರಡಿಸಬೇಕಾಯಿತು. ಕೆಲವೇ ತಿಂಗಳಲ್ಲಿ, ಜೂನ್‌ನಲ್ಲಿ, ಒಟ್ಟಾವಾ ಮತ್ತು ಕ್ವಿಬೆಕ್ ಸರ್ಕಾರಗಳು ಸೇರಿ ಹೊಸ ನಿಯಮ ಪ್ರಕಟಿಸಿದವು: 2023ರ ಸೆಪ್ಟೆಂಬರ್‌ನಿಂದ ಸರ್ಕಾರದ ಅನುದಾನವಿಲ್ಲದ ಕೋರ್ಸುಗಳಿಗೆ ಪಿಜಿಡಬ್ಲ್ಯುಪಿ ಇಲ್ಲ.

ಒಂಟಾರಿಯೊದ ಬಾಡಿಗೆ ವ್ಯವಹಾರದ ಸರದಿ 2024ರಲ್ಲಿ ಬಂತು. ಜನವರಿ 22ರಂದು ವಲಸೆ ಸಚಿವ ಮಾರ್ಕ್ ಮಿಲ್ಲರ್ ಸ್ಟಡಿ ಪರ್ಮಿಟ್‌ಗಳಿಗೆ, ಅಂದರೆ ಓದಲು ಕೊಡುವ ಅನುಮತಿಗಳಿಗೆ, ಮಿತಿ ಹೇರುವುದರ ಜೊತೆಗೆ, ಸೆಪ್ಟೆಂಬರ್ 1ರಿಂದ ಇಂಥ ಪಾಲುದಾರಿಕೆಯ ಕೋರ್ಸಿಗೆ ಸೇರುವವರಿಗೆ ಪಿಜಿಡಬ್ಲ್ಯುಪಿ ಇಲ್ಲವೆಂದು ಘೋಷಿಸಿದರು. ಸರಿ, ಮೇ ಇನ್‌ಟೇಕ್‌ಗೆ ಸೇರಿದರೆ ಬಚಾವ್ ಎಂದು ಜನ ಫೀಸು ಕಟ್ಟಿದರು. ಮಾರ್ಚ್‌ನಲ್ಲಿ ಇಲಾಖೆ ಆ ದಿನವನ್ನು ಮೇ 15ಕ್ಕೆ ಹಿಂದೆ ಸರಿಸಿತು. ಜನವರಿಯ ಮಾತನ್ನು ನಂಬಿದವರಿಗೆ ಯಾರು ಹೊಣೆ? ಒಟ್ಟಾವಾ ಹೇಳಿತು, ವಿದೇಶಿಯರ ಓದಿನ ಗುಣಮಟ್ಟ ಪ್ರಾಂತ್ಯದ ಕೆಲಸ. ಪ್ರಾಂತ್ಯ ಹೇಳಿತು, ಪರ್ಮಿಟ್ ಒಟ್ಟಾವಾದ ಕೆಲಸ. ಕಾಲೇಜು ಹೇಳಿತು, ನಿಯಮ ನಾವು ಮಾಡಿದ್ದಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವಲ್ಲ, ಇಲ್ಲಿ ಜಗಳವಾಡುವವರೇ ಮೂವರು.

ಅದೇ ವರ್ಷದ ನವೆಂಬರ್ 1ರಿಂದ ಆಟದ ಅಂಗಳವೇ ಬದಲಾಯಿತು. ಪಿಜಿಡಬ್ಲ್ಯುಪಿಗೆ ಭಾಷಾ ಪರೀಕ್ಷೆಯ ಅಂಕ ಬೇಕೆಂದಾಯಿತು. ವಿಶ್ವವಿದ್ಯಾಲಯದ ಪದವಿಯವರಿಗೆ ಕೆನಡಾ ಮಾಪನದ 7ನೇ ಹಂತ, ಕಾಲೇಜಿನ ಸರ್ಟಿಫಿಕೇಟು ಡಿಪ್ಲೊಮಾದವರಿಗೆ 5ನೇ ಹಂತ. ಆ ದಿನದ ನಂತರ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದ ಕಾಲೇಜು ವಿದ್ಯಾರ್ಥಿಗಳ ಕೋರ್ಸು, ದೇಶಕ್ಕೆ ಕೆಲಸಗಾರರ ಕೊರತೆ ಇರುವ ಕ್ಷೇತ್ರಗಳ ಪಟ್ಟಿಯಲ್ಲೂ ಇರಬೇಕು. ಕೃಷಿ, ಆರೋಗ್ಯ, ವಿಜ್ಞಾನ ತಂತ್ರಜ್ಞಾನ, ಕುಶಲ ಕೆಲಸ, ಸಾರಿಗೆ ಒಳಗೆ ಬಂದವು. ಭಾರತೀಯರು ಮುಗಿಬಿದ್ದಿದ್ದ ಬಿಸಿನೆಸ್ ಮ್ಯಾನೇಜ್‌ಮೆಂಟ್ ಮಾದರಿಯ ಕೋರ್ಸುಗಳು ಬಹುತೇಕ ಹೊರಗುಳಿದವು. ನಮ್ಮ ದಾವಣಗೆರೆಯ ಬಿ.ಕಾಂ. ಹುಡುಗಿಗೆ ಸಲೀಸಾಗಿ ಸೀಟು ಸಿಗುತ್ತಿದ್ದದ್ದು ಅಂಥವುಗಳಲ್ಲೇ.

ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದು ಕೋರ್ಸಿನ ಹೆಸರಿನಿಂದಲ್ಲ, ಆರು ಅಂಕಿಯ ಒಂದು ಸಂಕೇತದಿಂದ. 'ಸಿಐಪಿ ಕೋಡ್' ಎನ್ನುತ್ತಾರೆ. 'ಅನಲಿಟಿಕ್ಸ್' ಎಂಬ ಒಂದೇ ಹೆಸರಿನ ಕೋರ್ಸಿಗೆ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಕೋಡ್, ಇನ್ನೊಂದರಲ್ಲಿ ಬಿಸಿನೆಸ್ ವಿಭಾಗದ್ದು ಇರಬಹುದು. ಮುಂದಿನ ಜಗಳಗಳು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಂದಾಜು. ಪಟ್ಟಿಯೂ ನಿಂತಲ್ಲಿ ನಿಲ್ಲುವುದಿಲ್ಲ. 2025ರ ಜೂನ್ 25ರಂದು ಇಲಾಖೆ 119 ಕ್ಷೇತ್ರಗಳನ್ನು ಸೇರಿಸಿ 178 ಕ್ಷೇತ್ರಗಳನ್ನು ತೆಗೆಯಿತು. ಹತ್ತು ದಿನ ಕಳೆಯುವುದರೊಳಗೆ ತೆಗೆಯುವುದನ್ನು 2026ರ ಆರಂಭಕ್ಕೆ ಮುಂದೂಡಿತು. ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದ ದಿನ ಅಥವಾ ಪಿಜಿಡಬ್ಲ್ಯುಪಿಗೆ ಹಾಕಿದ ದಿನ, ಎರಡರಲ್ಲಿ ಯಾವಾಗ ಪಟ್ಟಿಯಲ್ಲಿದ್ದರೂ ನಡೆಯುತ್ತದೆ ಎಂಬುದಷ್ಟೇ ನೆಮ್ಮದಿ. ಅದಕ್ಕೇ ಕೋರ್ಸಿನ ಕೋಡ್ ಎಷ್ಟೆಂದು ಕಾಲೇಜಿನಿಂದ ಇಮೇಲ್‌ನಲ್ಲಿ ಬರೆಸಿಕೊಂಡು, ಅರ್ಜಿ ಹಾಕಿದ ದಿನದ ಪಟ್ಟಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಂಡವರೇ ಜಾಣರು.

ಹಿಂದೆ ವಿದ್ಯಾರ್ಥಿಯ ಕೈಯಲ್ಲಿ ಒಂದು ಅಸ್ತ್ರವಿತ್ತು: ಕಾಲೇಜು ಸರಿಯಿಲ್ಲವೆಂದರೆ ಬಿಟ್ಟು ಬೇರೆ ಕಡೆ ಸೇರುವುದು. ಆನ್‌ಲೈನ್ ಖಾತೆಯಲ್ಲಿ ಹೊಸ ಡಿಎಲ್‌ಐ ನಂಬರ್ ತಿಳಿಸಿದರೆ ಮುಗಿಯುತ್ತಿತ್ತು. 2024ರ ನವೆಂಬರ್ 8ರಿಂದ ಕಾಲೇಜು ಬದಲಿಸಲು ಹೊಸ ಸ್ಟಡಿ ಪರ್ಮಿಟ್ಟೇ ಬೇಕು. ಸುಳ್ಳು ಪ್ರವೇಶಗಳನ್ನು ತಡೆಯಲು ತಂದ ನಿಯಮ ಇದು, ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಬಿಟ್ಟುಹೋಗುತ್ತೇನೆ ಎಂಬ ಮಾತಿಗಿದ್ದ ತೂಕ ಹೋಯಿತು.

ಇನ್ನು ಕೇಸು ಹಾಕುವುದಾದರೆ ಎಲ್ಲಿ? ಕಾಲೇಜಿನಿಂದ ಪರಿಹಾರ ಬೇಕಾದರೆ ಒಂಟಾರಿಯೊದ ಸ್ಮಾಲ್ ಕ್ಲೇಮ್ಸ್ ಕೋರ್ಟು. 2025ರ ಅಕ್ಟೋಬರ್ 1ರಿಂದ ಅದರ ಮಿತಿ 35 ಸಾವಿರದಿಂದ 50 ಸಾವಿರ ಡಾಲರ್‌ಗೆ ಏರಿದೆ. ಎರಡು ವರ್ಷದ ಕಾಲೇಜು ಫೀಸು ಸಾಮಾನ್ಯವಾಗಿ ಅದರೊಳಗೆ ಬರುತ್ತದೆ. ಸರ್ಕಾರಿ ಕಾಲೇಜಿನ ಆಡಳಿತದ ಮೇಲೆ ದೂರಿದ್ದರೆ ಪ್ರಾಂತ್ಯದ ಓಂಬುಡ್ಸ್‌ಮನ್ ಕೇಳುತ್ತಾರೆ, ಅದಕ್ಕೆ ಫೀಸಿಲ್ಲ. ಇವರಿಬ್ಬರಲ್ಲಿ ಯಾರೂ ಪರ್ಮಿಟ್ ಕೊಡಿಸಲಾರರು.

ಬೆಂಗಳೂರಿನ ಕನ್ಸಲ್ಟೆನ್ಸಿಯ ವಿಷಯಕ್ಕೆ ಬಂದರೆ, 2019ರ ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ಒಳ್ಳೆಯ ಬಾಗಿಲು ತೆರೆದಿದೆ. ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ದಾವಣಗೆರೆಯವರು ಬೆಂಗಳೂರಿಗೆ ಅಲೆಯಬೇಕಿಲ್ಲ. ಕಾಲಾವಧಿ ಎರಡು ವರ್ಷ. ತೊಡಕಿರುವುದು ಬೇರೆ ಕಡೆ. ದುಡ್ಡು ಕೊಟ್ಟು ಸೇವೆ ಪಡೆದವರಷ್ಟೇ ಕಾನೂನಿನ ಕಣ್ಣಿನಲ್ಲಿ ಗ್ರಾಹಕರು. ಬಹುಪಾಲು ಕನ್ಸಲ್ಟೆನ್ಸಿಗಳ ಬೋರ್ಡಿನಲ್ಲಿ 'ಉಚಿತ ಕೌನ್ಸೆಲಿಂಗ್' ಎಂದಿರುತ್ತದೆ, ಏಕೆಂದರೆ ಅವರ ಸಂಪಾದನೆ ಕಾಲೇಜಿನ ಕಮಿಷನ್. ಒಂಟಾರಿಯೊದ ಸರ್ಕಾರಿ ಕಾಲೇಜುಗಳು 2020-21ರ ಒಂದೇ ವರ್ಷದಲ್ಲಿ ಏಜೆಂಟರಿಗೆ ಕೊಟ್ಟ ಕಮಿಷನ್ 11 ಕೋಟಿ 40 ಲಕ್ಷ ಡಾಲರ್ ದಾಟಿತ್ತೆಂದು ಅದೇ ಆಡಿಟ್ ವರದಿ ಹೇಳುತ್ತದೆ. ಉಚಿತ ಎಂದು ಖುಷಿಪಟ್ಟವರಿಗೆ ಮುಂದೆ ದೂರು ಕೊಡುವಾಗ ತಾವು ಗ್ರಾಹಕರೇ ಎಂದು ತೋರಿಸುವುದು ಕಷ್ಟ. ಫೈಲ್ ಚಾರ್ಜ್ ಎಂದು ಐದು ಸಾವಿರ ಕೇಳಿದರೂ ಕೊಟ್ಟು ರಸೀದಿ ಪಡೆಯುವುದು, ಚೌಕಾಸಿ ಮಾಡಿ ಅದನ್ನೂ ಉಳಿಸಿಕೊಳ್ಳುವುದಕ್ಕಿಂತ ಮೇಲು.

ಪರ್ಮಿಟ್ ತಿರಸ್ಕಾರವನ್ನೇ ಪ್ರಶ್ನಿಸುವ ಜಾಗ ಫೆಡರಲ್ ಕೋರ್ಟು. ಕೆನಡಾದೊಳಗೆ ಕೊಟ್ಟ ತೀರ್ಮಾನದ ಮೇಲೆ ಅಲ್ಲಿಗೆ ಹೋಗಲು ಇರುವುದು 15 ದಿನ. ಕೆನಡಾದಲ್ಲಿ ಕಾನೂನುಬದ್ಧವಾಗಿ ಇರುವ ಸ್ಟೇಟಸ್ ಕಳೆದುಕೊಂಡರೆ ಅದನ್ನು ಮರಳಿ ಕೇಳಲು 90 ದಿನ. ತಿರಸ್ಕಾರಕ್ಕೆ ಕಾರಣ ಕಾಲೇಜಿನ ಪತ್ರದಲ್ಲಿನ ದೋಷವಾಗಿದ್ದರೆ, ಯಾವುದೋ ಸೆಮಿಸ್ಟರ್ ಪಾರ್ಟ್‌ಟೈಮ್ ಎಂದು ನಮೂದಾಗಿದ್ದರೆ, ಒಪ್ಪಿಗೆ ಪಡೆದ ರಜೆಯ ಉಲ್ಲೇಖವೇ ಬಿಟ್ಟುಹೋಗಿದ್ದರೆ, ಮೊದಲು ಅದನ್ನು ತಿದ್ದಿಸಬೇಕು. ತಿದ್ದುವ ಅಧಿಕಾರ ಇರುವುದು ತಪ್ಪು ಮಾಡಿದ ಅದೇ ರಿಜಿಸ್ಟ್ರಾರ್ ಕಚೇರಿಗೆ. ತಿರಸ್ಕಾರದ ಸಂದೇಶ ಶುಕ್ರವಾರ ಸಂಜೆ ಆನ್‌ಲೈನ್ ಖಾತೆಗೆ ಬಂದು ಬೀಳುತ್ತದೆ ಎಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಇಮೇಲ್ ಹೋಗುತ್ತದೆ. ತಕ್ಷಣ ಯಂತ್ರದಿಂದ ಉತ್ತರ: ನಿಮ್ಮ ಕೋರಿಕೆ ತಲುಪಿದೆ, ಹತ್ತು ಕೆಲಸದ ದಿನಗಳಲ್ಲಿ ಪ್ರತಿಕ್ರಿಯಿಸುತ್ತೇವೆ. ಹತ್ತು ಕೆಲಸದ ದಿನ ಎಂದರೆ ಎರಡು ವಾರ. ಕೋರ್ಟಿನ ಹದಿನೈದರಲ್ಲಿ ಮೂರು ದಿನ ಆಗಲೇ ಮುಗಿದಿರುತ್ತದೆ.